ಮೋರಿಯ ಮೇಲಿನ ಫಲಕ

ನಿನ್ನೆ ಅಕ್ಕನ ಮನೆಯ ಗೃಹಪ್ರವೇಶಕ್ಕೆಂದು ಊರಿಗೆ ಹೋಗಿದ್ದೆ. ಊಟದ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ (ಕಡುಬು ಚೆನ್ನಾಗಿತ್ತು, ಸದ್ಯಕ್ಕೆ ಇಷ್ಟು ಸಾಕು). ಇವತ್ತಿನ ಸಂಕಟ ನಮ್ಮ ಹಳ್ಳಕ್ಕೆ ಕಟ್ಟಿರುವ ಹೊಸ ಮೋರಿಯ ಪಕ್ಕದಲ್ಲಿ ನೆಟ್ಟ ಫಲಕದ್ದು. ಅದರಲ್ಲಿ ಕಾಮಗಾರಿಯ ಹೆಸರಿದೆ, ಅಂದಾಜು ಮೊತ್ತವಿದೆ, ಗುತ್ತಿಗೆದಾರರ ಹೆಸರಿದೆ, ಉದ್ಘಾಟಿಸಿದವರ ಹೆಸರು ಎರಡು ಸಲ ಇದೆ. ಹಳ್ಳದ ಹೆಸರು ಮಾತ್ರ ಇಲ್ಲ. ‘ಕಿರು ಸೇತುವೆ’ಯಂತೆ. ಯಾವುದರ ಮೇಲೆ ಸ್ವಾಮಿ? ಗಾಳಿಯ ಮೇಲೆ ಕಟ್ಟಿದ್ದೀರಾ?

ನಾನು ಹಲ್ಲು ಕಡಿಯುತ್ತಾ ನಿಂತಿರುವಾಗಲೇ ಪ್ರವಾಸಿಗರ ಕಾರೊಂದು ಬಂದು ನಿಂತಿತು. "ಸಾರ್, ಇದು ಹೇಮಾವತಿಯೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮೂರಿನ ಹುಡುಗನೊಬ್ಬ "ಹೌದು ಸಾರ್, ಹೇಮಾವತಿಯೇ" ಎಂದು ಹೇಳಿ ಕಳಿಸಿಬಿಟ್ಟ.

ಅಲ್ಲ ಕಣಪ್ಪಾ, ಅಲ್ಲ! ಹೇಮಾವತಿ ಹುಟ್ಟುವುದು ನಮ್ಮ ಮೂಡಿಗೆರೆ ತಾಲ್ಲೂಕಿನದೇ ಜಾವಳಿಯ ಹತ್ತಿರ. ಅವಳ ಹಾದಿ 245 ಕಿಲೋಮೀಟರ್. ನಮ್ಮದರ ಹಾದಿ ಎರಡು ಕಿಲೋಮೀಟರೂ ಇಲ್ಲ. ಅದು ಹುಟ್ಟುವುದು ನಮ್ಮ ಅಜ್ಜನ ಹಡ್ಲಿನ (ಜೌಗು ಜಮೀನಿನ) ಮೇಲಿರುವ ಕಾಡಿನಲ್ಲಿ. ಹುಟ್ಟುವುದು ಎಂದರೆ ಬುಗ್ಗೆ ಚಿಮ್ಮುತ್ತದೆ ಎಂದುಕೊಳ್ಳಬೇಡಿ, ಸೋರುತ್ತದೆ ಅಷ್ಟೆ. ಮಳೆಗಾಲದಲ್ಲಿ ಕುಡಿದ ನೀರನ್ನು ಗುಡ್ಡ ಯುಗಾದಿಯವರೆಗೂ ಜಿಪುಣನಂತೆ ಬಿಟ್ಟುಕೊಡುತ್ತಿತ್ತು. ಮುಂಡುಗದ ಬುಡ ಒದ್ದೆಯಾಗಿ, ಆ ಒದ್ದೆ ಹಡ್ಲಿನ ಕೆಸರಿನಲ್ಲಿ ಒಂದು ಗೆರೆಯಾಗಿ, ಕಾಫಿ ತೋಟಕ್ಕೆ ಇಳಿಯುವಷ್ಟರಲ್ಲಿ ಸದ್ದು ಮಾಡಲು ಕಲಿತಿರುತ್ತಿತ್ತು. ಚಾರ್ಮಾಡಿಯ ನೆತ್ತಿಯಲ್ಲಿ ಬಿದ್ದ ಮಳೆ ಪಡುವಣಕ್ಕೆ ಜಾರಿದರೆ ನೇತ್ರಾವತಿ, ಮಂಗಳೂರಿನ ಕಡಲು. ಮೂಡಣಕ್ಕೆ ಹೊರಳಿದರೆ ಹೇಮಾವತಿ, ಗೊರೂರು, ಕನ್ನಂಬಾಡಿ, ಕಾವೇರಿ, ಕೊನೆಗೆ ಬಂಗಾಳ ಕೊಲ್ಲಿ. ನಮ್ಮದು ಮೂಡಣಕ್ಕೆ ಹೊರಳಿದ ನೀರು.

ಹೆಸರೂ ಇತ್ತು. ಮೇಲೆ ಹಡ್ಲು ಹಳ್ಳ, ಚೌಡಿ ಬನ ದಾಟಿದ ಮೇಲೆ ಚೌಡಿ ಹಳ್ಳ, ಗದ್ದೆ ಬಯಲಿನಲ್ಲಿ ಎಮ್ಮೆಗುಂಡಿ ಹಳ್ಳ. ಇದನ್ನು ಹೇಳಿದರೆ ಎಂಜಿನಿಯರ್ ಗೆಳೆಯನೊಬ್ಬ ಫೋನಿನಲ್ಲಿ ನಕ್ಕ. "ಮೂರು ಹೆಸರಿದ್ದರೆ ಯಾವುದನ್ನು ಬರೆಸುವುದು ಮಾರಾಯ?" ಮೋರಿ ಇರುವುದು ಚೌಡಿ ಬನದ ಕೆಳಗೆ, ಚೌಡಿ ಹಳ್ಳ ಎಂದು ಬರೆಸು. ಉದ್ಘಾಟಕರಿಗೆ ಎರಡು ಸಲ ಜಾಗ ಸಿಗಲಿಲ್ಲವೇ?

ದೊಡ್ಡ ನದಿಯನ್ನು ಸೇರುವ ನೀರಿಗೆ ಹೆಸರೇಕೆ ಎಂಬ ವೇದಾಂತವೂ ಅವನಿಂದಲೇ ಬಂತು. ವೇದಾಂತ ಬೇಡ, ನಮ್ಮ ಜಿಲ್ಲೆಯನ್ನೇ ನೋಡಿ. ವೇದಾ ಮತ್ತು ಅವತಿ ಕಡೂರಿನ ಕಡೆ ಕೂಡಿ ವೇದಾವತಿ ಆದವು, ಒಂದರ ಹೆಸರನ್ನು ಇನ್ನೊಂದು ನುಂಗಲಿಲ್ಲ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ ಇಬ್ಬರ ಹೆಸರನ್ನೂ ಹೊತ್ತುಕೊಂಡೇ ಮುಂದೆ ಹೋದರು. ಬಾಬಾಬುಡನ್‌ಗಿರಿಯಿಂದ ಇಳಿಯುವ ಯಗಚಿ ಹೇಮಾವತಿಯಲ್ಲಿ ಕರಗುವುದು ನಿಜ, ಆದರೆ ಗೊರೂರಿನ ಹತ್ತಿರ ಬರುವವರೆಗೂ ಅವಳು ಯಗಚಿಯೇ. ನಮ್ಮ ಹಳ್ಳ ಮಾತ್ರ ಹೊಳೆ ಮುಟ್ಟಲು ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ, ಒಂದು ಮೋರಿಯ ಕೆಳಗೆ, ಹೆಸರು ಕಳೆದುಕೊಳ್ಳಬೇಕಂತೆ.

ಹಳ್ಳಕ್ಕೆ ಹೆಸರು ಬರಬೇಕಾದರೆ ಅದಕ್ಕೆ ಪೈಪು ಹಾಕಬೇಕೇನೋ. ಸಕಲೇಶಪುರದ ಎತ್ತಿನಹೊಳೆ ತನ್ನ ಪಾಡಿಗೆ ನೇತ್ರಾವತಿಯ ಕಡೆ ಹರಿಯುತ್ತಿದ್ದಾಗ ಆ ಹೆಸರು ಎಷ್ಟು ಜನರಿಗೆ ಗೊತ್ತಿತ್ತು? 24 ಟಿಎಂಸಿ ಎಂಬ ಲೆಕ್ಕ ಬಂತು, ಪಂಪು ಬಂತು, ಕೋಲಾರದವರಿಗೂ ಹೆಸರು ಬಾಯಿಪಾಠವಾಯಿತು.

ಸರಿ, ಬೈದದ್ದಾಯಿತು. ರಾತ್ರಿ ಮನೆಗೆ ಬಂದವನು ಬೀರುವಿನಿಂದ ನಮ್ಮ ವಿಭಾಗಪತ್ರವನ್ನು ತೆಗೆದು ನೋಡಿದೆ. ಅದರಲ್ಲಾದರೂ ಹೆಸರಿರಬಹುದು, ಅದರ ಫೋಟೋ ಇಲ್ಲಿ ಹಾಕಿ ಗೆಳೆಯನ ಬಾಯಿ ಮುಚ್ಚಿಸೋಣ ಎಂಬ ಹುಮ್ಮಸ್ಸು. ಚಕ್ಕುಬಂದಿಯಲ್ಲಿ ಬರೆದಿರುವುದು ಇಷ್ಟು: ‘ಪಶ್ಚಿಮಕ್ಕೆ ಸರ್ಕಾರಿ ಹಳ್ಳ’. ಅದರ ಕೆಳಗೆ ಅಕ್ಕನ ಸಹಿ, ಅದರ ಪಕ್ಕದಲ್ಲಿ ನನ್ನದು. ಬರಹಗಾರರು ಗಟ್ಟಿಯಾಗಿ ಓದಿ ಹೇಳಿದಾಗ ನಾನು ತಲೆಯಾಡಿಸಿದ್ದೂ ನೆನಪಿದೆ. ಆಮೇಲೆ ನನ್ನ ಪಾಲಿಗೆ ಬಂದ ಹಡ್ಲಿಗೆ ಶುಂಠಿ ಹಾಕಿಸಲು ಬಸಿಗಾಲುವೆ ಹೊಡೆಸಿದವನೂ ನಾನೇ. ಯುಗಾದಿಯವರೆಗೆ ಬರುತ್ತಿದ್ದ ನೀರು ಈಗ ಶಿವರಾತ್ರಿಗೇ ನಿಲ್ಲುತ್ತದೆ. ಶುಂಠಿಗೂ ಆ ವರ್ಷ ಬೆಲೆ ಸಿಗಲಿಲ್ಲ, ಅದು ಬೇರೆ ಕಥೆ.

ಆ ಹುಡುಗನಿಗೆ ಸುಮ್ಮನೆ ಬೈದುಬಿಟ್ಟೆ. ಅವನ ಅಪ್ಪನೂ ನಾನೂ ಅದೇ ಚೌಡಿ ಹಳ್ಳದಲ್ಲಿ ಕಲ್ಲು ಮಗುಚಿ ಏಡಿ ಹಿಡಿದವರು. ಅವನಿಗೆ ನಾವಿಬ್ಬರೂ ಹೆಸರು ಹೇಳಿಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಒಂದು ಡಬ್ಬಿ ಕಪ್ಪು ಬಣ್ಣ ತೆಗೆದುಕೊಂಡು ಮತ್ತೆ ಹೋಗುತ್ತಿದ್ದೇನೆ. ಫಲಕದ ಹಿಂಬದಿ ಪೂರ್ತಿ ಖಾಲಿ ಇದೆ. ಅಕ್ಷರ ದುಂಡಗಿರುವವರು ಯಾರಾದರೂ ಜೊತೆಗೆ ಬರುವುದಾದರೆ ತಿಳಿಸಿ. ನನ್ನ ಕೈಬರಹ ನಿಮಗೆಲ್ಲ ಗೊತ್ತೇ ಇದೆ.