ವಸಡಿನ ಬ್ಯಾಕ್ಟೀರಿಯಾ, ಕರುಳಿನ ಕ್ಯಾನ್ಸರ್: ಒಂದು ಸ್ಪಷ್ಟನೆ

"ವಸಡಿನ ಬ್ಯಾಕ್ಟೀರಿಯಾದಿಂದಲೇ ಕರುಳಿನ ಕ್ಯಾನ್ಸರ್ ಬರುತ್ತದೆ, ಆಂಟಿಬಯೋಟಿಕ್ ತಗೊಂಡರೆ ತಪ್ಪಿಸಬಹುದು" ಎಂಬ ಮಾತು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಮೊದಲ ಭಾಗ ಅರ್ಧಸತ್ಯ. ಎರಡನೆಯದು ಅಪಾಯಕಾರಿ.

ಹೇಳುತ್ತಿರುವುದು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಬಗ್ಗೆ. ಆರೋಗ್ಯವಂತರ ಬಾಯಲ್ಲೂ ಇದು ಇರುತ್ತದೆ. ದೊಡ್ಡ ಕರುಳಿನ ಗಡ್ಡೆಗಳಲ್ಲಿ ಇದು ಹೆಚ್ಚಾಗಿರುವುದು 2012ರಲ್ಲಿ ವರದಿಯಾಯಿತು, ಆದರೆ ಎಲ್ಲರ ಗಡ್ಡೆಯಲ್ಲೂ ಅಲ್ಲ.

ನಿಜವಾಗಿ ಕುತೂಹಲ ಕೆರಳಿಸುವುದು ಇದರ ಹೊರಪೊರೆಯ ಫ್ಯಾಪ್2 ಎಂಬ ಪ್ರೋಟೀನ್. ಕರುಳಿನ ಕ್ಯಾನ್ಸರ್ ಕೋಶಗಳ ಮೈಮೇಲೆ ಗ್ಯಾಲ್-ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯಂಶ ಸಾಮಾನ್ಯ ಕೋಶಗಳಿಗಿಂತ ಹೆಚ್ಚು; ಫ್ಯಾಪ್2 ಅದನ್ನೇ ಹಿಡಿದು ಅಂಟಿಕೊಳ್ಳುತ್ತದೆ. ಅದೇ ಪ್ರೋಟೀನ್ ನಮ್ಮ ರೋಗನಿರೋಧಕ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳ ಮೇಲಿನ ಟಿಜಿಟ್ ಎಂಬ ಗ್ರಾಹಕಕ್ಕೂ (ರಿಸೆಪ್ಟರ್) ಕಚ್ಚಿಕೊಳ್ಳುತ್ತದೆ. ಟಿಜಿಟ್ ಅಂದರೆ ಆ ಕೋಶದ ಬ್ರೇಕ್. ಅದನ್ನು ಒತ್ತಿದಾಗ ಎದುರಿಗಿರುವ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಕೆಲಸ ಕುಗ್ಗುತ್ತದೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ತೋರಿಸಿದ್ದು ಪ್ರಯೋಗಾಲಯದ ಕೋಶಗಳಲ್ಲಿ.

ಅಂದರೆ ಇರುವ ಗಡ್ಡೆಗೆ ಬ್ಯಾಕ್ಟೀರಿಯಾ ಹೇಗೆ ನೆರವಾಗಬಹುದು ಎಂಬುದಕ್ಕೆ ಇದು ವಿವರಣೆ. ಗಡ್ಡೆ ಹುಟ್ಟಿದ್ದೇ ಇದರಿಂದ ಎನ್ನಲು ಇದು ಸಾಕ್ಷಿಯಲ್ಲ.

ಮಾತ್ರೆಯ ಮಾತು ಬಂದದ್ದು ಬಹುಶಃ 2017ರ ಇಲಿ ಪ್ರಯೋಗದಿಂದ. ಈ ಬ್ಯಾಕ್ಟೀರಿಯಾ ಇದ್ದ ಮನುಷ್ಯರ ಗಡ್ಡೆಯನ್ನು ಇಲಿಗಳಿಗೆ ಕಸಿಮಾಡಿ ಮೆಟ್ರೋನಿಡಜೋಲ್ ಎಂಬ ಆಂಟಿಬಯೋಟಿಕ್ ಕೊಟ್ಟಾಗ ಬೆಳವಣಿಗೆ ನಿಧಾನವಾಯಿತು, ಅಷ್ಟೇ. ಅಷ್ಟನ್ನೇ ನಂಬಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.