ಥೀಮ್ ಕಳಚಿದ ಮೇಲೂ ಖೋಲಿ ಬಾಡಿಗೆಗೆ ಹೋಗಬೇಕು

ಹುಬ್ಬಳ್ಳಿ-ಹಾವೇರಿ ಹೆದ್ದಾರಿ ಬದಿಗೆ ಹೊಲ ಇದ್ದವರು ಈಗ ಕೇಳೋದು ಒಂದೇ ಮಾತು: "ಹಳೇ ವಾಡೆ, ಅಂದ್ರ ಹಳೇ ಕಾಲದ ದೊಡ್ಡ ಮನಿ, ಥೀಮಿನ ರೆಸಾರ್ಟ್ ಕಟ್ಟಿದ್ರ ಹೆಂಗ್ರೀ? ರಾತ್ರಿಗೆ ಹತ್ತು ಸಾವಿರ ಅಂದ್ರೂ ಮಂದಿ ಬರ್ತಾರಂತ." ಬರ್ತಾರ, ಖರೆ. ಒಂದ್ ಸಲ.

ಡಿಸ್ನಿಯಂಥ ಡಿಸ್ನಿಯೇ ಇಲ್ಲಿ ಎಡವಿದೆ. ಫ್ಲಾರಿಡಾದಲ್ಲಿ 2022ರ ಮಾರ್ಚ್‌ನಲ್ಲಿ ತೆರೆದ, ಸ್ಟಾರ್ ವಾರ್ಸ್ ಸಿನಿಮಾ ಥೀಮಿನ ಹೋಟೆಲ್ 2023ರ ಸೆಪ್ಟೆಂಬರ್‌ಗೆ ಬಾಗಿಲು ಹಾಕಿತು. 100 ಖೋಲಿ, ಪಾತ್ರಧಾರಿಗಳ ಜೊತೆ ಗಿರಾಕಿಯೂ ಕಥೆಯೊಳಗೆ ಸೇರುವ ಎರಡು ರಾತ್ರಿಯ ಆಟ, ಇಬ್ಬರಿಗೆ ಸುಮಾರು 4,800 ಡಾಲರ್‌ನಿಂದ ಶುರು. ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ಹೊರಡಬೇಕು. ಒಂದೇ ರಾತ್ರಿ ಸಾಕು ಅನ್ನುವ ಗಿರಾಕಿಗೆ ಜಾಗವಿಲ್ಲ. ಅರ್ಧ ಖಾಲಿ ಇದ್ದರೂ ಪಾತ್ರಧಾರಿಗಳು ಅಷ್ಟೇ ಬೇಕು. ಖೋಲಿಗೆ ಕಿಟಕಿಯೂ ಇಲ್ಲ, ಬಾಹ್ಯಾಕಾಶ ತೋರಿಸುವ ಪರದೆ ಅಷ್ಟೇ. ಕಥೆ ತೆಗೆದರೆ ಅಂಥ ಖೋಲಿ ಯಾರಿಗೆ ಬೇಕು?

ನಮ್ಮ ಲೆಕ್ಕ ನೋಡಿ. 20 ಖೋಲಿ, ಕುಂಬಾರ, ಗೊಂದಲಿಗ, ಡೊಳ್ಳಿನವರು ಅಂತ 8 ಪಾತ್ರ. ಎರಡು ಪಾಳಿ, ವಾರದ ರಜೆ ಸೇರಿದರೆ 19 ಜನ. ರಜೆಗೂ ಕೂಲಿ ಹಿಡಿದು ದಿನಕ್ಕೆ 800ರಂತೆ ತಿಂಗಳಿಗೆ 4.56 ಲಕ್ಷ. ಸರಾಸರಿ ಶೇ. 40ರಷ್ಟು ತುಂಬಿದರೆ ತಿಂಗಳಿಗೆ 240 ಖೋಲಿ-ರಾತ್ರಿ. ಅಂದರೆ ಪ್ರತಿ ಖೋಲಿಯ ಮೇಲೆ ರಾತ್ರಿಗೆ 1,900 ರೂಪಾಯಿ ಬರೀ ವೇಷಕ್ಕೆ! ಬಾಡಿಗೆ 7,500 ದಾಟಿದರೆ ಜಿಎಸ್‌ಟಿ ಶೇ. 18, ಅದು ಬೇರೆ. ಹಾವೇರಿ ಜಿಲ್ಲೆ ಗೋಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿ ಜೀವನ ತೋರಿಸುವುದು ಶಿಲ್ಪಗಳು. ಅವು ಪಗಾರ ಕೇಳುವುದಿಲ್ಲ.

ಇನ್ನು ಗೋಡೆ. ನಮ್ಮದು ಎರೆ ಭೂಮಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಗಟ್ಟಿ ಪದರದವರೆಗೆ ಇಳಿಯದಿದ್ದರೆ ವಾಡೆಯ ಮೂಲೆಯಲ್ಲಿ ಓರೆ ಸೀಳು ಗ್ಯಾರಂಟಿ. ಖರೇ ಮಣ್ಣಿನ ಮಾಳಿಗೆ ಮಾಡಿಸಿದರೆ ಮುಂಗಾರಿಗೆ ಮೊದಲು ಪ್ರತಿ ವರ್ಷ ಮಣ್ಣು ಹಾಕಿಸಿ ಬಡಿಸಬೇಕು. ಎಸಿಯ ನೀರಿನ ಪೈಪನ್ನು ಗೋಡೆ ಬುಡಕ್ಕೆ ಬಿಟ್ಟಿರೋ, ಗಿಲಾವು ಹಪ್ಪಳದಂತೆ ಕಳಚುತ್ತದೆ. ಬಚ್ಚಲಿಗೆ ಸುಮ್ಮನೆ ಟೈಲ್ಸ್ ಹಾಕಿ, ಅಲ್ಲಿ ಯಾರೂ ಇತಿಹಾಸ ಹುಡುಕುವುದಿಲ್ಲ.

ನನ್ನ ಕೇಳಿದರೆ ವಾಡೆ ಪಡಸಾಲೆಗೆ, ಅಂಗಳಕ್ಕೆ ಸಾಕು. ಖೋಲಿಗೆ ಕಿಟಕಿ, ಮೇಜು, ಒಳ್ಳೆ ಬೆಳಕು ಇರಲಿ. ಮಂಗಳವಾರ ಕಂಪನಿ ಮೀಟಿಂಗಿನವರೂ ತಂಗುವಂತಿರಬೇಕು. ಎರಡನೇ ಸಲ ಬರುವ ಊರ ಮಂದಿ ಬರೋದು ಊಟಕ್ಕೆ. ಬಿಸಿ ರೊಟ್ಟಿ ಹಾಟ್‌ಕೇಸಿನಲ್ಲಿ ಕೂತರೆ ಆವಿ ಕಟ್ಟಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಅದಕ್ಕೇ ಒಲೆ ಪಂಕ್ತಿಯ ಪಕ್ಕದಲ್ಲೇ ಇರಲಿ. ಗದ್ದಲದ ದಿನ ಬಿಸಿದು ಸಾಲದಿದ್ದರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಡಿ. ಯಾರೂ ತಕರಾರು ಮಾಡಲ್ಲ.