ಸ್ಪಷ್ಟನೆ: ಭಾನುವಾರದ ಅನ್ನ ಶನಿವಾರದವರೆಗೆ ಬರುವುದಿಲ್ಲ
"ಭಾನುವಾರವೇ ವಾರಕ್ಕಾಗುವಷ್ಟು ಅನ್ನ ಮಾಡಿ ಫ್ರಿಜ್‌ನಲ್ಲಿಡಿ, ತಿನ್ನುವ ಮುಂಚೆ ಚೆನ್ನಾಗಿ ಬಿಸಿ ಮಾಡಿದರೆ ಸಾಕು" ಎಂಬ ಸಲಹೆ ಓಟಗಾರರ, ಜಿಮ್‌ಗೆ ಹೋಗುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಉಳಿದರೆ ಅವು ಮೊಳೆತು, ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಎಷ್ಟು ಕುದಿಸಿದರೂ ಹೋಗದು. ರಾತ್ರಿಯಿಡೀ ಕುಕ್ಕರ್‌ನಲ್ಲೇ ಬಿಟ್ಟ ಅನ್ನವನ್ನು ಡಬ್ಬಿಗೆ ತುಂಬಲೇಬೇಡಿ.

ಬೆಂದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ ಆರಿಸಿ. ಎರಡು ಗಂಟೆಯೊಳಗೆ, ಸಾಧ್ಯವಾದರೆ ಒಂದೇ ಗಂಟೆಯಲ್ಲಿ, 5 ಡಿಗ್ರಿ ಸೆಲ್ಸಿಯಸ್ ಮೀರದ ಫ್ರಿಜ್‌ಗೆ ಸೇರಿಸಿ. ಅಲ್ಲಿ ಮೂರು ದಿನಕ್ಕಾಗುವಷ್ಟು ಮಾತ್ರ ಇರಲಿ, ಉಳಿದದ್ದು ಒಂದೊಂದು ಊಟದ ಡಬ್ಬಿಯಾಗಿ ಫ್ರೀಜರ್‌ಗೆ. ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ, ನಡುಭಾಗವೂ ಹಬೆಯಾಡಬೇಕು. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗಿಡಬೇಡಿ.